ಇದ್ದೂ ಸಿಗದ ಪುಟ: ಒಂದು ಸರ್ವಿಸ್ ಮ್ಯಾನ್ಯುಯಲ್ ಹುಡುಕಾಟದ ಪ್ರಕರಣ ಅಧ್ಯಯನ

ಸನ್ನಿವೇಶ

ಪ್ರಯೋಗಾಲಯವೊಂದರ ಮೇಜಿನ ಮೇಲೆ ಇಪ್ಪತ್ತು ವರ್ಷಕ್ಕೂ ಹಳೆಯ ಸೆಂಟ್ರಿಫ್ಯೂಜ್ (ದ್ರವದ ಮಾದರಿಗಳನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಇದೆ. ಮುಚ್ಚಳ ಹಾಕಿ ಸ್ಟಾರ್ಟ್ ಒತ್ತಿದರೆ ರೋಟರ್ ತಿರುಗಲು ಶುರುವಾಗುತ್ತದೆ, ಐದಾರು ಸೆಕೆಂಡಿನಲ್ಲಿ ನಿಂತುಬಿಡುತ್ತದೆ, ಪರದೆಯಲ್ಲಿ ‘ಇ-14’ ಎಂದು ಮಿನುಗುತ್ತದೆ. ಬಳಕೆದಾರರ ಕೈಪಿಡಿ ಡ್ರಾಯರಿನಲ್ಲೇ ಇದೆ. ಆದರೆ ಅದರಲ್ಲಿ ಇ-1ರಿಂದ ಇ-9ರವರೆಗೆ ಮಾತ್ರ ವಿವರಣೆ. ಉಳಿದದ್ದಕ್ಕೆಲ್ಲ ‘ಸರ್ವಿಸ್ ವಿಭಾಗವನ್ನು ಸಂಪರ್ಕಿಸಿ’ ಎಂಬ ಒಂದೇ ಸಾಲು. ತಯಾರಿಸಿದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡು ವರ್ಷಗಳಾಗಿವೆ, ಈ ಮಾಡೆಲ್‌ಗೆ ಯಾರೂ ಬೆಂಬಲ ಕೊಡುತ್ತಿಲ್ಲ. ಬೇಕಿರುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ದೋಷಸಂಕೇತಗಳ ಪಟ್ಟಿ. ಒಂದೇ ಒಂದು ಪುಟ.

ಆ ಪುಟ ವೆಬ್‌ನಲ್ಲಿ ಇತ್ತು. ಪಾಸ್‌ವರ್ಡ್ ಇರಲಿಲ್ಲ, ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ತೆರೆಯಬಹುದಿತ್ತು. ಆದರೂ ಎರಡು ಸರ್ಚ್ ಎಂಜಿನ್‌ಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಪದ ಬದಲಿಸಿ ಹುಡುಕಿದಾಗಲೂ ಅದು ಕೈಗೆ ಬರಲಿಲ್ಲ. ತಯಾರಕರ ಹೆಸರು ಮತ್ತು ಮಾಡೆಲ್ ಸಂಖ್ಯೆಯನ್ನು ಇಲ್ಲಿ ಬಿಟ್ಟಿದ್ದೇವೆ. ಹುಡುಕಿದ ಪದಗಳು, ಆದೇಶಗಳು ಎಲ್ಲವೂ ಇಂಗ್ಲಿಷಿನವು. ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ.

ಸರ್ಚ್ ಎಂಜಿನ್ ‘ಇಲ್ಲ’ ಎಂದಾಗ ಅದಕ್ಕೆ ಕನಿಷ್ಠ ಐದು ಅರ್ಥಗಳಿರುತ್ತವೆ. ಕ್ರಾಲರ್, ಅಂದರೆ ಕೊಂಡಿ ಹಿಡಿದು ವೆಬ್ ಪುಟಗಳನ್ನು ಓದಿಬರುವ ತಂತ್ರಾಂಶ, ಆ ಪುಟದ ಬಳಿ ಹೋಗೇ ಇಲ್ಲ. ಹೋಗಿದೆ, ಆದರೆ ಸೂಚಿಗೆ (ಸರ್ಚ್ ಎಂಜಿನ್ ಹುಡುಕಲೆಂದು ಇಟ್ಟುಕೊಳ್ಳುವ ಇಂಡೆಕ್ಸ್) ಸೇರಿಸಿಲ್ಲ. ಸೇರಿಸಿದೆ, ಆದರೆ ಪುಟದಲ್ಲಿ ಓದಬಲ್ಲ ಪಠ್ಯ ಇರಲಿಲ್ಲ. ಪಠ್ಯ ಇದೆ, ಆದರೆ ಹುಡುಕುವವರ ಪದ ಬೇರೆ, ಪುಟದ ಪದ ಬೇರೆ. ಎಲ್ಲವೂ ಸರಿಯಿದೆ, ಆದರೆ ಪುಟ ಯಾರೂ ನೋಡದಷ್ಟು ಕೆಳಗಿದೆ. ಪರದೆಯ ಮೇಲೆ ಈ ಐದೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಪದ ಬದಲಿಸುವುದು ನಾಲ್ಕನೆಯದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಐದನೆಯದಕ್ಕೆ ಸ್ವಲ್ಪ ಮಟ್ಟಿಗೆ. ಮೊದಲ ಮೂರಕ್ಕೆ ಎಷ್ಟು ಸಲ ಪದ ಬದಲಿಸಿದರೂ ಪ್ರಯೋಜನವಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ಹಾಳಾದದ್ದೇ ಅಲ್ಲಿ.

ಮೊದಲ ಸುತ್ತು: ಬಲ್ಬುಗಳ ನಡುವೆ ಒಂದು ದೋಷಸಂಕೇತ

ಯಾರೇ ಆದರೂ ಮಾಡುವಂತೆ ಮೊದಲು ಟೈಪ್ ಮಾಡಿದ್ದು ‘ಸೆಂಟ್ರಿಫ್ಯೂಜ್ ಇ-14 ಎರರ್’. ಬಂದ ಫಲಿತಾಂಶಗಳಲ್ಲಿ ಬೇರೆ ಕಂಪನಿಗಳ ಸೆಂಟ್ರಿಫ್ಯೂಜ್‌ಗಳು, ಬಟ್ಟೆ ಒಗೆಯುವ ಯಂತ್ರದ ದೋಷಸಂಕೇತಗಳು, ಮತ್ತು ಬಲ್ಬುಗಳು. ಬಲ್ಬು ಬಂದದ್ದಕ್ಕೆ ಕಾರಣವಿದೆ: 14 ಮಿಲಿಮೀಟರ್ ವ್ಯಾಸದ ಸಣ್ಣ ಸ್ಕ್ರೂ ಹೋಲ್ಡರ್‌ನ ಹೆಸರೇ ಇ14. ಯುರೋಪಿನ ಒಂದು ಹೆದ್ದಾರಿಗೂ ಅದೇ ಹೆಸರು.

ನಡುವಿನ ಗೆರೆ ಹಾಕಿದರೂ ಬಿಟ್ಟರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಏಕೆಂದರೆ ಸರ್ಚ್ ಎಂಜಿನ್ ಪಠ್ಯವನ್ನು ಸೂಚಿಗೆ ಸೇರಿಸುವಾಗ ಬಹುತೇಕ ವಿರಾಮಚಿಹ್ನೆಗಳನ್ನು ಕಳಚಿ, ತುಂಡು ತುಂಡಾಗಿ ಒಡೆದು ಇಟ್ಟುಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಪದಗಳ ಕ್ರಮ ಉಳಿಯುತ್ತದೆ, ಗೆರೆ ಉಳಿಯುವ ಖಾತ್ರಿಯಿಲ್ಲ. ಮಾಡೆಲ್ ಸಂಖ್ಯೆಯದೂ ಇದೇ ಗೋಳು. ಅಕ್ಷರ ಮತ್ತು ಅಂಕಿಗಳನ್ನು ಒಬ್ಬರು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ನಡುವೆ ಜಾಗ ಬಿಡುತ್ತಾರೆ, ಮತ್ತೊಬ್ಬರು ಗೆರೆ ಎಳೆಯುತ್ತಾರೆ. ಜಾಗ ಬಿಟ್ಟದ್ದು ಮತ್ತು ಗೆರೆ ಎಳೆದದ್ದು ಸೂಚಿಯಲ್ಲಿ ಒಂದೇ ಕಡೆ ಸೇರಬಹುದು. ಕೂಡಿಸಿ ಬರೆದದ್ದು ಬೇರೆಯೇ ಪದ. ಹಾಗಾಗಿ ಮಾಡೆಲ್ ಸಂಖ್ಯೆಯನ್ನು ಕನಿಷ್ಠ ಎರಡು ರೂಪದಲ್ಲಿ, ನಡುವೆ ದೊಡ್ಡಕ್ಷರಗಳಲ್ಲಿ ಬರೆದ, ‘ಅಥವಾ’ ಎಂಬರ್ಥದ ‘ಆರ್’ ಆದೇಶ ಹಾಕಿ ಹುಡುಕಬೇಕು. ಗೂಗಲ್ ಒಂದು ಪ್ರಶ್ನೆಯಲ್ಲಿ 32 ಪದಗಳ ಆಚೆಗಿನದನ್ನು ಬಿಟ್ಟುಬಿಡುತ್ತದೆ, ಆದ್ದರಿಂದ ಪರ್ಯಾಯಗಳ ಉದ್ದ ಸಾಲು ಹಾಕುವವರು ಎಣಿಸಿ ಹಾಕುವುದು ಒಳ್ಳೆಯದು.

ಈ ಸುತ್ತಿನಲ್ಲಿ ಇನ್ನೊಂದು ತೊಡಕು ಎದುರಾಯಿತು. ಮಾಡೆಲ್ ಸಂಖ್ಯೆ ಸೇರಿಸಿದರೂ ಮೊದಲ ಪುಟದಲ್ಲಿ ಬಂದ ಫಲಿತಾಂಶಗಳಲ್ಲಿ ಆ ಸಂಖ್ಯೆಯೇ ಇರಲಿಲ್ಲ. ಇಂದಿನ ಸರ್ಚ್ ಎಂಜಿನ್ ಬರೆದ ಪದವನ್ನಷ್ಟೇ ಹುಡುಕುವುದಿಲ್ಲ, ಬರೆದವರ ಇಂಗಿತ ಏನಿರಬಹುದೆಂದು ಊಹಿಸುತ್ತದೆ. ಗೂಗಲ್ 2015ರಲ್ಲಿ ರ‍್ಯಾಂಕ್‌ಬ್ರೇನ್, 2019ರಲ್ಲಿ ಬರ್ಟ್ ಎಂಬ ಯಂತ್ರಕಲಿಕೆಯ ವ್ಯವಸ್ಥೆಗಳನ್ನು ಹುಡುಕಾಟದೊಳಗೆ ತಂದಿತು. ಸಾಮಾನ್ಯ ಪ್ರಶ್ನೆಗಳಿಗೆ ಇದು ವರವೇ. ಆದರೆ ಅಪರೂಪದ ಸಂಖ್ಯೆಯೊಂದೇ ಪ್ರಶ್ನೆಯ ಜೀವವಾಗಿರುವಾಗ, ಅರ್ಥ ಹತ್ತಿರವಿರುವ ಬೇರೆ ಪುಟಗಳು ಮುಂದೆ ಬಂದು ಆ ಸಂಖ್ಯೆ ಹಿಂದೆ ಬೀಳುತ್ತದೆ. ಫಲಿತಾಂಶದ ಕೆಳಗೆ ‘ಮಿಸ್ಸಿಂಗ್’ ಎಂದು ಅಡ್ಡಗೆರೆ ಎಳೆದ ಪದ ಕಂಡರೆ ಇದೇ ಆಗಿದೆ ಎಂದು ತಿಳಿಯಬಹುದು. ಮೊದಲೆಲ್ಲ ಪದಕ್ಕೆ ಮುಂಚೆ ಕೂಡಿಸುವ ಚಿಹ್ನೆ (+) ಹಾಕಿದರೆ ಅದು ಕಡ್ಡಾಯವಾಗುತ್ತಿತ್ತು. 2011ರ ಅಕ್ಟೋಬರಿನಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಈಗಿರುವ ದಾರಿ ಎರಡು: ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು, ಅಥವಾ ‘ಟೂಲ್ಸ್’ ಒಳಗೆ ‘ಆಲ್ ರಿಸಲ್ಟ್ಸ್’ ಬದಲು ‘ವರ್ಬೇಟಿಮ್’ ಆರಿಸುವುದು.

ವರ್ಬೇಟಿಮ್ ಆರಿಸಿದ ಕೂಡಲೇ ಬಲ್ಬುಗಳು ಮಾಯವಾದವು. ಉಳಿದದ್ದು ಹಳೆಯ ಉಪಕರಣ ಮಾರುವವರ ನಾಲ್ಕಾರು ಪುಟಗಳು, ಯಾವುದರಲ್ಲೂ ಮ್ಯಾನ್ಯುಯಲ್ ಇಲ್ಲ. ಇದೂ ಒಂದು ಸುಳಿವೇ. ಮಾಡೆಲ್ ಸಂಖ್ಯೆಯನ್ನು ಕಡ್ಡಾಯ ಮಾಡಿದಾಗ ಫಲಿತಾಂಶ ಬೆರಳೆಣಿಕೆಗೆ ಇಳಿದರೆ, ತೊಂದರೆ ಪುಟ ಕೆಳಗೆ ಬಿದ್ದಿರುವುದರಲ್ಲಿ ಇಲ್ಲ. ಐದನೆಯ ಕಾರಣವನ್ನು ಪಟ್ಟಿಯಿಂದ ಅಲ್ಲೇ ಹೊಡೆದುಹಾಕಬಹುದು.

ಎಐ ಸಾರಾಂಶ ಕೊಟ್ಟ ತಪ್ಪು ಉತ್ತರ

ಫಲಿತಾಂಶಗಳ ಮೇಲೆ ಬಂದ ಸಾರಾಂಶ ‘ಇ-14 ಎಂದರೆ ಮುಚ್ಚಳದ ಲಾಕ್ ದೋಷ’ ಎಂದು ಖಚಿತವಾಗಿ ಹೇಳಿತ್ತು. ಪಕ್ಕದ ಕೊಂಡಿ ಒತ್ತಿ ನೋಡಿದರೆ ಮೂಲ ಬೇರೊಂದು ತಯಾರಕರ ಯಂತ್ರದ್ದು. ದೋಷಸಂಕೇತಗಳಿಗೆ ಸಾರ್ವತ್ರಿಕ ಅರ್ಥವಿಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು ಪಟ್ಟಿ. ಯಂತ್ರದ ಲಕ್ಷಣವೇ ಈ ಉತ್ತರವನ್ನು ಅಲ್ಲಗಳೆಯುತ್ತಿತ್ತು: ಮುಚ್ಚಳದ ಲಾಕ್ ಸರಿಯಿಲ್ಲದಿದ್ದರೆ ರೋಟರ್ ತಿರುಗಲು ಶುರುವಾಗುವುದೇ ಇಲ್ಲ, ಆ ಲಾಕ್ ಇರುವುದೇ ಅದಕ್ಕೆ. ಇಲ್ಲಿ ರೋಟರ್ ತಿರುಗಿ ಆಮೇಲೆ ನಿಲ್ಲುತ್ತಿದೆ.

ಸಾರಾಂಶ ಬರೆಯುವ ಮಾದರಿ ಹುಡುಕಾಟದಲ್ಲಿ ಸಿಕ್ಕಿದ್ದನ್ನೇ ಆಧರಿಸುತ್ತದೆ. ಸೂಚಿಯಲ್ಲಿ ಇಲ್ಲದ ಪುಟ ಅದಕ್ಕೂ ಇಲ್ಲ. ವ್ಯತ್ಯಾಸ ಇಷ್ಟೇ: ಹತ್ತು ಅಸಂಬದ್ಧ ಕೊಂಡಿಗಳನ್ನು ಕಂಡವರಿಗೆ ಏನೂ ಸಿಗಲಿಲ್ಲವೆಂದು ತಿಳಿಯುತ್ತದೆ, ಒಂದು ನಯವಾದ ಪ್ಯಾರಾ ಓದಿದವರಿಗೆ ತಿಳಿಯುವುದಿಲ್ಲ.

ಎರಡನೇ ಸುತ್ತು: ಮ್ಯಾನ್ಯುಯಲ್ ಆಡುವ ಮಾತು

ಈಗ ನಾಲ್ಕನೆಯ ಕಾರಣದ ಸರದಿ. ಬಳಸುವವರು ‘ಎರರ್ ಕೋಡ್’ ಎನ್ನುತ್ತಾರೆ. ಸರ್ವಿಸ್ ಮ್ಯಾನ್ಯುಯಲ್ ಬರೆಯುವವರು ‘ಡಯಾಗ್ನಾಸ್ಟಿಕ್ ಮೆಸೇಜ್’, ‘ಫಾಲ್ಟ್ ಇಂಡಿಕೇಶನ್’, ‘ಟ್ರಬಲ್‌ಶೂಟಿಂಗ್ ಚಾರ್ಟ್’ ಎಂದು ಬರೆದಿರಬಹುದು. ‘ಸ್ಪೀಡ್ ಸೆನ್ಸರ್’ ಎಂಬುದು ‘ಟ್ಯಾಕೋಮೀಟರ್’, ‘ಟ್ಯಾಕ್ ಪಿಕಪ್’, ‘ಹಾಲ್ ಸೆನ್ಸರ್’ ಆಗಿರಬಹುದು. ‘ಮ್ಯಾನ್ಯುಯಲ್’ ಎಂಬ ಪದವೇ ಇಲ್ಲದೆ ‘ಸರ್ವಿಸ್ ಇನ್‌ಸ್ಟ್ರಕ್ಷನ್ಸ್’ ಎಂದಿರಬಹುದು. ಯಂತ್ರದ ಪರದೆಯಲ್ಲಿ ‘ಇ-14’ ಎಂದು ಬಂದರೂ ಮ್ಯಾನ್ಯುಯಲ್‌ನ ಕೋಷ್ಟಕದಲ್ಲಿ ಬರೀ ‘14’ ಇರಬಹುದು.

ಪದಗಳ ಈ ಅಂತರ ಎಷ್ಟು ದೊಡ್ಡದೆಂಬುದನ್ನು 1985ರಲ್ಲಿ ಸಂಶೋಧಕರಾದ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಅಳೆದು ತೋರಿಸಿದ್ದರು. ಒಂದು ದೊಡ್ಡ ಮೊಕದ್ದಮೆಗೆ ಸಂಬಂಧಿಸಿದ ಸುಮಾರು 40,000 ದಾಖಲೆಗಳು, ಅಂದರೆ ಮೂರೂವರೆ ಲಕ್ಷ ಪುಟಗಳು, ಐಬಿಎಂನ ಸ್ಟೇರ್ಸ್ ಎಂಬ ಹುಡುಕಾಟ ವ್ಯವಸ್ಥೆಯಲ್ಲಿದ್ದವು. ಪ್ರತಿ ಪ್ರಶ್ನೆಗೂ ಸಂಬಂಧಪಟ್ಟ ದಾಖಲೆಗಳಲ್ಲಿ ಕನಿಷ್ಠ ಶೇ. 75 ಸಿಗಬೇಕು ಎಂಬುದು ವಕೀಲರ ಷರತ್ತು. ಅಷ್ಟು ಸಿಕ್ಕಿದೆ ಎಂದು ಅವರಿಗೆ ತೃಪ್ತಿಯಾಗುವವರೆಗೆ ಹುಡುಕಾಟ ನಡೆಯಿತು. ಆಮೇಲೆ ಉಳಿದ ದಾಖಲೆಗಳಿಂದ ಮಾದರಿ ತೆಗೆದು ಪರೀಕ್ಷಿಸಿದಾಗ ನಿಜವಾಗಿ ಸಿಕ್ಕಿದ್ದು ಸರಾಸರಿ ಶೇ. 20 ಮಾತ್ರ. ಸಿಕ್ಕಿದ್ದರಲ್ಲಿ ಸಂಬಂಧಪಟ್ಟವು ಶೇ. 79ರಷ್ಟು ಇದ್ದುದರಿಂದ ಅನುಮಾನ ಬರಲು ಆಸ್ಪದವೇ ಇರಲಿಲ್ಲ. ಅಪಘಾತದ ಬಗ್ಗೆ ಬರೆದ ಪತ್ರಗಳಲ್ಲಿ ‘ಅಪಘಾತ’ ಎಂಬ ಪದವೇ ಇರದೆ ‘ಘಟನೆ’, ‘ಸಮಸ್ಯೆ’, ‘ಆ ಪರಿಸ್ಥಿತಿ’ ಎಂದೆಲ್ಲ ಇತ್ತು. ಹುಡುಕುವವರು ಪರಿಣತರು, ದಾಖಲೆಗಳೆಲ್ಲ ಕಣ್ಣೆದುರಿನ ಒಂದೇ ಸಂಗ್ರಹದಲ್ಲಿದ್ದವು, ಆದರೂ ಹೀಗಾಯಿತು.

ನಮ್ಮ ಪ್ರಕರಣದಲ್ಲಿ ಪರ್ಯಾಯ ಪದಗಳ ಪಟ್ಟಿ ಮಾಡಿ, ಪಿಡಿಎಫ್ ಕಡತಗಳನ್ನಷ್ಟೇ ತೋರಿಸುವ ‘ಫೈಲ್‌ಟೈಪ್:ಪಿಡಿಎಫ್’ ಸೇರಿಸಿ ಎಂಟು ಹುಡುಕಾಟ ನಡೆಸಿದ್ದಾಯಿತು. ಅದೇ ಕಂಪನಿಯ ಬೇರೆ ಮಾಡೆಲ್‌ಗಳ ಎರಡು ಸರ್ವಿಸ್ ಮ್ಯಾನ್ಯುಯಲ್ ಸಿಕ್ಕವು. ಬೇಕಾದದ್ದು ಬರಲಿಲ್ಲ. ಸಿಕ್ಕ ಎರಡು ಮಾತ್ರ ಮುಂದೆ ಬಹಳ ನೆರವಾದವು: ಆ ಕಂಪನಿ ‘ಎರರ್’ ಎನ್ನುವ ಕಡೆ ಏನು ಬರೆಯುತ್ತದೆ, ಸೆನ್ಸರ್‌ಗೆ ಯಾವ ಪದ ಬಳಸುತ್ತದೆ, ದಾಖಲೆಗಳಿಗೆ ಹೇಗೆ ಸಂಖ್ಯೆ ಹಾಕುತ್ತದೆ ಎಂಬುದು ಅವುಗಳಿಂದ ಗೊತ್ತಾಯಿತು. ಬೇಕಾದ ದಾಖಲೆ ಸಿಗದಿದ್ದಾಗ ಅದರ ಒಡಹುಟ್ಟನ್ನು ಹುಡುಕಿ ಅದರ ಮಾತು ಕಲಿತುಕೊಳ್ಳುವುದು ಬರೀ ಪರ್ಯಾಯ ಪದಗಳನ್ನು ಊಹಿಸುವುದಕ್ಕಿಂತ ಎಷ್ಟೋ ವಾಸಿ.

ಮೂರನೇ ಸುತ್ತು: ಕ್ರಾಲರ್ ಹೋಗದ ಜಾಗಗಳು

ಕಂಪನಿಯದೇ ಪದಗಳನ್ನು ಬಳಸಿದರೂ ಸಿಗದಿದ್ದಾಗ ಅನುಮಾನ ಸೂಚಿಯ ಮೇಲೆ ಹೋಗಬೇಕು. ಇಲ್ಲಿ ಹೋಗಲಿಲ್ಲ, ಇನ್ನೂ ಅರ್ಧ ದಿನ ಪದ ಬದಲಿಸುತ್ತಲೇ ಕಳೆಯಿತು. ವೆಬ್‌ನಲ್ಲಿರುವುದೆಲ್ಲ ಸೂಚಿಯಲ್ಲಿದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಸಂಶೋಧಕರಾದ ಸ್ಟೀವ್ ಲಾರೆನ್ಸ್ ಮತ್ತು ಲೀ ಗೈಲ್ಸ್ 1998ರಲ್ಲಿ ಲೆಕ್ಕ ಹಾಕಿದಾಗ ಸೂಚಿಸಬಹುದಾದ ಪುಟಗಳು ಕನಿಷ್ಠ 32 ಕೋಟಿ ಇದ್ದವು, ಯಾವ ಸರ್ಚ್ ಎಂಜಿನ್ನೂ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚೇನೂ ಮುಟ್ಟಿರಲಿಲ್ಲ. 1999ರಲ್ಲಿ ಅವರ ಲೆಕ್ಕ ಸುಮಾರು 80 ಕೋಟಿಗೆ ಏರಿತು, ಮುಟ್ಟಿದ ಪಾಲು ಶೇ. 16ನ್ನು ದಾಟಲಿಲ್ಲ. ಅಂದಿನಿಂದ ಸರ್ಚ್ ಎಂಜಿನ್‌ಗಳು ಬಹಳ ಬೆಳೆದಿವೆ, ವೆಬ್ ಇನ್ನೂ ಹೆಚ್ಚು ಬೆಳೆದಿದೆ. ಕ್ರಾಲರ್ ಇಂದಿಗೂ ಆರಿಸಿಯೇ ತೆಗೆದುಕೊಳ್ಳುತ್ತದೆ. ಯಾರೂ ಕೊಂಡಿ ಕೊಡದ, ವರ್ಷಗಳಿಂದ ಬದಲಾಗದ ಪುಟಕ್ಕೆ ಅದರ ಸರದಿಯಲ್ಲಿ ಕೊನೆಯ ಜಾಗ.

ಪರೀಕ್ಷೆ ಸುಲಭ. ಕಂಪನಿಯನ್ನು ಕೊಂಡ ಹೊಸ ಕಂಪನಿಯ ತಾಣದ ವಿಳಾಸವನ್ನು, ಒಂದೇ ತಾಣದೊಳಗೆ ಹುಡುಕಿಸುವ ‘ಸೈಟ್:’ ಆದೇಶದೊಂದಿಗೆ ಹಾಕಿ, ಜೊತೆಗೆ ‘ಸರ್ವಿಸ್ ಮ್ಯಾನ್ಯುಯಲ್’ ಎಂದು ಹುಡುಕಲಾಯಿತು. ಬಂದದ್ದೆಲ್ಲ ಮಾರಾಟದ ಪುಟಗಳು. ಅದೇ ತಾಣಕ್ಕೆ ನೇರವಾಗಿ ಹೋದರೆ ದಾಖಲೆಗಳ ವಿಭಾಗವಿದೆ, ಅಲ್ಲಿ ಸೀರಿಯಲ್ ಸಂಖ್ಯೆ ತುಂಬುವ ಚೌಕವಿದೆ. ದಾಖಲೆಗಳು ಅದರ ಹಿಂದೆ ಇವೆ. ಕ್ರಾಲರ್ ಕೊಂಡಿ ಹಿಡಿದು ನಡೆಯುತ್ತದೆ, ಚೌಕದಲ್ಲಿ ಸಂಖ್ಯೆ ತುಂಬಿ ಬಟನ್ ಒತ್ತುವುದಿಲ್ಲ. ವಿಳಾಸದಲ್ಲೇ ಪ್ರಶ್ನೆ ಸೇರಿಕೊಳ್ಳುವ ‘ಗೆಟ್’ ಮಾದರಿಯ ಕೆಲವು ಫಾರಂಗಳನ್ನು ತಾನೇ ತುಂಬಿ ನೋಡುತ್ತೇನೆಂದು ಗೂಗಲ್ 2008ರಲ್ಲಿ ಹೇಳಿದ್ದುಂಟು. ತುಂಬಿದ್ದು ವಿಳಾಸದಲ್ಲಿ ಕಾಣದ ‘ಪೋಸ್ಟ್’ ಮಾದರಿಯವು ಅದರಿಂದ ಹೊರಗೆ. ಇಂತಹ ಪುಟಗಳನ್ನು ಡೀಪ್ ವೆಬ್ ಎನ್ನುತ್ತಾರೆ. ಡಾರ್ಕ್ ವೆಬ್ ಎಂಬುದು ಬೇರೆ, ಡೀಪ್ ವೆಬ್‌ನಲ್ಲಿ ಕದ್ದುಮುಚ್ಚಿದ್ದು ಏನೂ ಇಲ್ಲ: ಗ್ರಂಥಾಲಯದ ಕ್ಯಾಟಲಾಗ್, ಪೇಟೆಂಟ್ ದಾಖಲೆ, ಬಿಡಿಭಾಗಗಳ ಪಟ್ಟಿ ಎಲ್ಲ ಇದೇ. ಮದ್ದು ಒಂದೇ, ಆಯಾ ತಾಣದ ಒಳಗಿನ ಹುಡುಕಾಟವನ್ನೇ ಬಳಸುವುದು.

ಸೀರಿಯಲ್ ಸಂಖ್ಯೆ ತುಂಬಿದಾಗ ‘ಈ ಉತ್ಪನ್ನಕ್ಕೆ ಬೆಂಬಲವಿಲ್ಲ’ ಎಂಬ ಉತ್ತರ ಬಂತು. ಆ ಬಾಗಿಲು ಅಲ್ಲಿಗೆ ಮುಚ್ಚಿತು.

‘ಸೈಟ್:’ ಹಾಕಿದಾಗ ತೋರಿಸುವ ಫಲಿತಾಂಶಗಳ ಸಂಖ್ಯೆಯನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದು, ಅದು ಅಂದಾಜು. ಲಕ್ಷಗಟ್ಟಲೆ ಇವೆ ಎಂದು ತೋರಿಸಿದಾಗಲೂ ಪುಟ ತಿರುಗಿಸುತ್ತಾ ಹೋದರೆ ಕೆಲವು ನೂರರಲ್ಲೇ ಪಟ್ಟಿ ಮುಗಿಯುತ್ತದೆ.

ನಾಲ್ಕನೇ ಸುತ್ತು: ದಾಖಲೆ ಬಿಟ್ಟು ದಾಖಲೆಯ ಹೆಸರನ್ನು ಹುಡುಕುವುದು

ಇಲ್ಲಿಂದ ಹುಡುಕಾಟದ ದಿಕ್ಕು ಬದಲಾಯಿತು. ಮ್ಯಾನ್ಯುಯಲ್ ಸಿಗುವುದಿಲ್ಲ ಎಂದಾದರೆ, ಮ್ಯಾನ್ಯುಯಲ್ ಬಗ್ಗೆ ಹೇಳುವ ಪುಟವನ್ನು ಹುಡುಕಬೇಕು. ಅದಕ್ಕೆ ಬೇಕಾದ ಸುಳಿವುಗಳು ಪರದೆಯಲ್ಲಿ ಇರಲಿಲ್ಲ. ಯಂತ್ರದ ಬೆನ್ನಿಗೆ ಅಂಟಿಸಿದ ಲೋಹದ ಫಲಕದಲ್ಲಿ ಕಂಪನಿಯ ಹಳೆಯ ಪೂರ್ಣ ಹೆಸರಿತ್ತು. ಡ್ರಾಯರಿನ ಕೈಪಿಡಿಯ ಹಿಂಬದಿ ರಕ್ಷಾಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಎರಡು ಸಂಗತಿಗಳಿದ್ದವು: ಕಂಪನಿಯ ಅಂದಿನ ಜಾಲತಾಣದ ವಿಳಾಸ, ಮತ್ತು ಏಳಂಕಿಯ ದಾಖಲೆ ಸಂಖ್ಯೆ.

ಹಳೆಯ ವಿಳಾಸವನ್ನು ಇಂದು ತೆರೆದರೆ ಅದು ನೇರ ಹೊಸ ಕಂಪನಿಯ ಮುಖಪುಟಕ್ಕೆ ಒಯ್ಯುತ್ತದೆ. ಯಾವ ಒಳಪುಟದ ವಿಳಾಸ ಹಾಕಿದರೂ ಅದೇ ಮುಖಪುಟ. ‘ಪುಟ ಸಿಗಲಿಲ್ಲ’ ಎಂಬ 404 ಸಂದೇಶವಾದರೂ ಬಂದಿದ್ದರೆ ಪುಟ ಸತ್ತಿದೆ ಎಂದು ತಿಳಿಯುತ್ತಿತ್ತು.

ಸತ್ತ ತಾಣಗಳಿಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ ಇದೆ. ಅದರ ಸಂಗ್ರಹ 1996ರಿಂದ ಶುರುವಾಗಿದೆ, ಸಾರ್ವಜನಿಕರಿಗೆ ತೆರೆದದ್ದು 2001ರಲ್ಲಿ. ಗೂಗಲ್ ತನ್ನಲ್ಲಿದ್ದ ಕ್ಯಾಶ್ ಪ್ರತಿಗಳ (ಹಿಂದೆ ಓದಿದಾಗ ಉಳಿಸಿಕೊಂಡ ಪುಟದ ನಕಲುಗಳ) ಕೊಂಡಿಯನ್ನು 2024ರಲ್ಲಿ ತೆಗೆದ ಮೇಲೆ ಇದರ ಅಗತ್ಯ ಇನ್ನೂ ಹೆಚ್ಚಿದೆ. ಹೊಸಬರು ಇದನ್ನು ತಪ್ಪಾಗಿ ಬಳಸುವುದು ಒಂದೇ ರೀತಿಯಲ್ಲಿ: ಪದ ಹಾಕಿ ಹುಡುಕುತ್ತಾರೆ. ವೇಬ್ಯಾಕ್ ಪುಟಗಳೊಳಗಿನ ಪಠ್ಯವನ್ನು ಹುಡುಕಿಕೊಡುವುದಿಲ್ಲ, ಅದಕ್ಕೆ ವಿಳಾಸ ಬೇಕು. ಈ ಪ್ರಕರಣದಲ್ಲಿ ಮಾಡಿದ್ದು ಹೀಗೆ. ಹಳೆಯ ವಿಳಾಸದ ಕೊನೆಗೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಹಾಕಿದಾಗ ಆ ತಾಣದಿಂದ ಉಳಿಸಿಕೊಂಡ ಎಲ್ಲ ವಿಳಾಸಗಳ ಪಟ್ಟಿ ಬಂತು. ಪಟ್ಟಿಯ ಮೇಲಿನ ಚೌಕದಲ್ಲಿ ‘ಪಿಡಿಎಫ್’ ಎಂದು ಹಾಕಿ ಸೋಸಿದರೆ ಕೈಪಿಡಿಗಳು, ಕ್ಯಾಟಲಾಗ್‌ಗಳು. ಸರ್ವಿಸ್ ಮ್ಯಾನ್ಯುಯಲ್ ಇಲ್ಲ. ‘ಸಪೋರ್ಟ್’ ಎಂದು ಸೋಸಿದಾಗ 2002ರ ಬೆಂಬಲ ಪುಟವೊಂದರ ಪ್ರತಿ ಸಿಕ್ಕಿತು. ಅದರಲ್ಲಿ ನಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ಗೆ ಕೊಂಡಿಯಿತ್ತು. ಒತ್ತಿದರೆ ‘ಈ ವಿಳಾಸವನ್ನು ಉಳಿಸಿಕೊಂಡಿಲ್ಲ’ ಎಂಬ ಸಂದೇಶ.

ಪುಟ ಉಳಿದು ಕಡತ ಉಳಿಯದಿರುವುದು ಆರ್ಕೈವ್‌ಗಳಲ್ಲಿ ಸಾಮಾನ್ಯ. ಆದರೆ ಕೊಂಡಿಯ ಮೇಲೆ ಮೌಸ್ ಇಟ್ಟರೆ ಕಡತದ ಹೆಸರು ಕಾಣುತ್ತದೆ: ಏಳಂಕಿಯ ದಾಖಲೆ ಸಂಖ್ಯೆ, ಅಡಿಗೆರೆ, ಪರಿಷ್ಕರಣೆಯ ಅಕ್ಷರ ‘ಸಿ’. ಅದು ಡ್ರಾಯರಿನ ಕೈಪಿಡಿಯ ಸಂಖ್ಯೆಯ ನೆರೆಯ ಸಂಖ್ಯೆ, ಕೊನೆಯ ಅಂಕಿ ಮಾತ್ರ ಬೇರೆ. ಎರಡು ದಿನದ ಹುಡುಕಾಟದಲ್ಲಿ ಇದೇ ಮೊದಲ ನಿಜವಾದ ಹಿಡಿ. ಅದು ಬಲ್ಬಿಗೂ ಹೆದ್ದಾರಿಗೂ ಇರಲಾರದ ಹೆಸರು.

ಐದನೇ ಸುತ್ತು: ಅದೇ ಪ್ರಶ್ನೆ, ಬೇರೆ ಸೂಚಿ

ಕಡತದ ಹೆಸರನ್ನು ವಿಸ್ತರಣೆ ಬಿಟ್ಟು, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದಾಗ ಮೊದಲ ಸರ್ಚ್ ಎಂಜಿನ್‌ನಲ್ಲಿ ಶೂನ್ಯ. ಅಡಿಗೆರೆಯಿಂದ ಕೂಡಿದ್ದನ್ನು ಸರ್ಚ್ ಎಂಜಿನ್ ಒಂದೇ ಪದ ಎಂದು ಹಿಡಿಯುವ ಸಾಧ್ಯತೆ ಇರುವುದರಿಂದ ಬರೀ ಏಳಂಕಿಯನ್ನೂ ಹಾಕಿ ನೋಡಲಾಯಿತು, ಆಗಲೂ ಶೂನ್ಯ. ಎರಡನೆಯದರಲ್ಲಿ ಒಂದೇ ಒಂದು ಫಲಿತಾಂಶ ಬಂತು: ಒಂದು ವಿಶ್ವವಿದ್ಯಾಲಯದ ವಿಭಾಗದವರು ತಮ್ಮ ಹಳೆಯ ಉಪಕರಣಗಳ ಮ್ಯಾನ್ಯುಯಲ್‌ಗಳನ್ನು ಪಟ್ಟಿ ಮಾಡಿಟ್ಟ ಪುಟ. ಮಾಡೆಲ್ ಸಂಖ್ಯೆ ಇಲ್ಲ, ‘ಸೆಂಟ್ರಿಫ್ಯೂಜ್’ ಎಂಬ ಪದವೂ ಇಲ್ಲ. ಬರೀ ಕಡತದ ಹೆಸರುಗಳ ಸಾಲು, ಪ್ರತಿಯೊಂದಕ್ಕೂ ಕೊಂಡಿ. ಹಿಂದಿನ ಇಪ್ಪತ್ತು ಹುಡುಕಾಟಗಳಲ್ಲಿ ಈ ಪುಟ ಏಕೆ ಬರಲಿಲ್ಲ ಎಂದು ಕೇಳಬೇಕಾಗಿಯೇ ಇಲ್ಲ.

ಸರ್ಚ್ ಎಂಜಿನ್ ಬದಲಿಸುವಾಗ ಒಂದು ಎಚ್ಚರ. ಗೂಗಲ್, ಬಿಂಗ್, ಯಾಂಡೆಕ್ಸ್, ಬ್ರೇವ್, ಮೊಜೀಕ್ ತಮ್ಮದೇ ಸೂಚಿ ಕಟ್ಟುತ್ತವೆ. ಡಕ್‌ಡಕ್‌ಗೋ ಮತ್ತು ಯಾಹೂ ಕೊಡುವ ಸಾಮಾನ್ಯ ಕೊಂಡಿಗಳು ಬಹುಮಟ್ಟಿಗೆ ಬಿಂಗ್‌ನವು, ಸ್ಟಾರ್ಟ್‌ಪೇಜ್‌ನವು ಗೂಗಲ್ ಮತ್ತು ಬಿಂಗ್‌ನವು. ಐದು ಕಡೆ ಹುಡುಕಿದೆವೆಂದು ಎಣಿಸಿದವರು ಎರಡೇ ಸೂಚಿಗಳನ್ನು ನೋಡಿರಬಹುದು.

ಪುಟದಲ್ಲಿದ್ದ ಕೊಂಡಿ ಒತ್ತಿದಾಗ ಮ್ಯಾನ್ಯುಯಲ್ ತೆರೆಯಿತು. ಪಟ್ಟಿ ಇರುವ ಪುಟ ಸೂಚಿಯಲ್ಲಿದ್ದೂ ಪಿಡಿಎಫ್ ಏಕಿರಲಿಲ್ಲ? ಆ ತಾಣದ ಮೂಲ ವಿಳಾಸದ ಕೊನೆಗೆ, ಕ್ರಾಲರ್‌ಗಳಿಗೆ ಸೂಚನೆ ಬರೆದಿಡುವ ಕಡತದ ಹೆಸರಾದ ‘ರೋಬಾಟ್ಸ್.ಟಿಎಕ್ಸ್‌ಟಿ’ ಎಂದು ಹಾಕಿ ನೋಡಿದರೆ ಉತ್ತರ ಸಿಗುತ್ತದೆ: ಕಡತಗಳಿರುವ ಫೋಲ್ಡರ್‌ಗೆ ‘ಡಿಸ್‌ಅಲೌ’, ಅಂದರೆ ಇಲ್ಲಿಗೆ ಬರಬೇಡಿ, ಎಂಬ ಸಾಲಿತ್ತು. ದೊಡ್ಡ ಕಡತಗಳನ್ನು ಕ್ರಾಲರ್‌ಗಳು ಮತ್ತೆ ಮತ್ತೆ ಇಳಿಸಿಕೊಂಡು ಸರ್ವರ್‌ಗೆ ಹೊರೆಯಾಗಬಾರದೆಂದು ಹೀಗೆ ಮಾಡುವುದುಂಟು. 1994ರಲ್ಲಿ ಮಾರ್ಟೈನ್ ಕೋಸ್ಟರ್ ಮುಂದಿಟ್ಟ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಾಗಿ ಅಧಿಕೃತ ರೂಪ ಪಡೆಯಿತು. ಅದು ಕ್ರಾಲರ್‌ಗಳಿಗೆ ಹೇಳಿದ ಮಾತು, ಬ್ರೌಸರ್ ಹಿಡಿದು ಬಂದ ಓದುಗರಿಗೆ ಬೀಗವಲ್ಲ. ಪಾಸ್‌ವರ್ಡ್ ಕೇಳುವ ಫೋಲ್ಡರ್ ಆಗಿದ್ದರೆ ಮಾತು ಬೇರೆ.

ಆರನೇ ಸುತ್ತು: ಕೈಯಲ್ಲಿದ್ದ ಕಡತದೊಳಗೇ ಹುಡುಕಾಟ

ನೂರಕ್ಕೂ ಹೆಚ್ಚು ಪುಟಗಳ ಪಿಡಿಎಫ್. ಒಳಗೆ ‘14’ ಎಂದು ಹುಡುಕಿದರೆ ಏನೂ ಇಲ್ಲ. ಮೌಸ್‌ನಿಂದ ಒಂದು ಸಾಲನ್ನು ಆರಿಸಲು ಹೋದರೆ ಇಡೀ ಪುಟ ಒಂದೇ ಚಿತ್ರವಾಗಿ ನೀಲಿಯಾಗುತ್ತದೆ. ಕಾಗದದ ಪ್ರತಿಯನ್ನು ಸ್ಕ್ಯಾನ್ ಮಾಡಿದ್ದು, ಪಠ್ಯದ ಪದರವೇ ಇಲ್ಲ. ಮೂರನೆಯ ಕಾರಣವೂ ಇದೇ ಕಡತದಲ್ಲಿ ಕೂತಿತ್ತು. ಸ್ಕ್ಯಾನ್ ಆದ ಪಿಡಿಎಫ್‌ಗಳನ್ನು ಓಸಿಆರ್ ಮಾಡಿ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಿ, ಸೂಚಿಗೆ ಸೇರಿಸುವುದಾಗಿ ಗೂಗಲ್ 2008ರಲ್ಲೇ ಪ್ರಕಟಿಸಿತ್ತು, ಆದರೆ ಕ್ರಾಲರ್‌ಗೆ ತಡೆಯಿದ್ದ ಕಡತಕ್ಕೆ ಅದರಿಂದ ಏನೂ ಆಗದು.

ಉಚಿತವಾಗಿ ಸಿಗುವ ಓಸಿಆರ್‌ಮೈಪಿಡಿಎಫ್ ಎಂಬ ತಂತ್ರಾಂಶ ಟೆಸರಾಕ್ಟ್ ಎಂಬ ಓಸಿಆರ್ ಎಂಜಿನ್ ಬಳಸಿ ಪಠ್ಯದ ಪದರ ಸೇರಿಸುತ್ತದೆ. ಇಲ್ಲಿ ಮೂರು ಆಯ್ಕೆಗಳು ಬೇಕಾದವು: ಓರೆಯಾದ ಪುಟ ನೇರ ಮಾಡುವ ‘ಡಿಸ್ಕ್ಯೂ’, ಮಗ್ಗುಲಾದ ಪುಟ ತಿರುಗಿಸುವ ‘ರೊಟೇಟ್ ಪೇಜಸ್’, ಮತ್ತು ಸ್ಕ್ಯಾನ್ 150 ಡಿಪಿಐ (ಇಂಚಿಗೆ 150 ಚುಕ್ಕೆ) ಮಾತ್ರ ಇದ್ದುದರಿಂದ ಅದನ್ನು 300ಕ್ಕೆ ಏರಿಸುವ ‘ಓವರ್‌ಸ್ಯಾಂಪಲ್’. ಏರಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಅಕ್ಷರಗಳು ಓಸಿಆರ್‌ಗೆ ಒಗ್ಗುವ ಗಾತ್ರಕ್ಕೆ ಬರುತ್ತವೆ ಅಷ್ಟೆ.

ಓಸಿಆರ್ ಆದ ಮೇಲೆ ‘14’ ಹಲವು ಕಡೆ ಸಿಕ್ಕಿತು, ಎಲ್ಲವೂ ಪುಟಸಂಖ್ಯೆ ಮತ್ತು ಬಿಡಿಭಾಗ ಸಂಖ್ಯೆಗಳು. ಕೋಷ್ಟಕದ ಸಾಲು ಸಿಗಲಿಲ್ಲ. ಆಗ ಒಡಹುಟ್ಟಿನ ಮ್ಯಾನ್ಯುಯಲ್‌ನಿಂದ ಕಲಿತ ಪದ ನೆರವಿಗೆ ಬಂತು: ‘ಟ್ಯಾಕ್’ ಎಂದು ಹುಡುಕಿದಾಗ ನೇರ ಆ ಪುಟ. ಅಲ್ಲಿ 14ರ ಒಂದನ್ನು ಓಸಿಆರ್ ದೊಡ್ಡಕ್ಷರದ ‘ಐ’ ಎಂದು ಓದಿತ್ತು. ಸೊನ್ನೆ ಮತ್ತು ‘ಓ’, ಐದು ಮತ್ತು ‘ಎಸ್’, ಎಂಟು ಮತ್ತು ‘ಬಿ’ ಕೂಡ ಹೀಗೇ ಅದಲುಬದಲಾಗುತ್ತವೆ. ಓಸಿಆರ್ ಪಠ್ಯದಲ್ಲಿ ಅಂಕಿ ಹುಡುಕುವುದಕ್ಕಿಂತ ಪಕ್ಕದ ಪದ ಹುಡುಕುವುದು ಲೇಸು, ಪದದಲ್ಲಿ ಒಂದಕ್ಷರ ತಪ್ಪಿದ್ದರೂ ಅದರ ತುಂಡು ಸಿಗುತ್ತದೆ.

ಕನ್ನಡದಲ್ಲಿ ಹುಡುಕುವವರಿಗೆ ಇದೇ ಮೂರನೆಯ ಕಾರಣ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಯೂನಿಕೋಡ್ ಬರುವ ಮುಂಚಿನ ಫಾಂಟ್ ಸಂಕೇತಗಳಲ್ಲಿ ಟೈಪ್ ಮಾಡಿದ ಪುಟ ಕಣ್ಣಿಗೆ ಶುದ್ಧ ಕನ್ನಡ, ಸೂಚಿಗೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲೂ ‘ಸಾಫ್ಟ್‌ವೇರ್’ ಥರದ ಪದದ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಅಕ್ಷರವನ್ನು ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ‘ಪುಟ’, ‘ಪುಟದಲ್ಲಿ’, ‘ಪುಟಗಳಿಗೆ’ ಒಂದೇ ಪದದ ರೂಪಗಳೆಂದು ಗುರುತಿಸುವುದರಲ್ಲೂ ಇಂಗ್ಲಿಷಿಗೆ ಸಿಕ್ಕಷ್ಟು ಆರೈಕೆ ಕನ್ನಡಕ್ಕೆ ಸಿಕ್ಕಿಲ್ಲ. ವಿಭಕ್ತಿ ಬದಲಿಸಿ ಮತ್ತೊಮ್ಮೆ ಹುಡುಕಿದರೆ ಹೊಸ ಪುಟಗಳು ಬರುವುದು ಇದರಿಂದಲೇ.

ಸಿಕ್ಕದ್ದು, ಮತ್ತು ಅದು ಸರಿಯಾದದ್ದೇ ಎಂಬ ಪರೀಕ್ಷೆ

ಕೋಷ್ಟಕದ ಸಾಲಿನ ಪ್ರಕಾರ 14 ಎಂದರೆ ಮೋಟರ್ ಶುರುವಾಗಿ 5 ಸೆಕೆಂಡಿನೊಳಗೆ ಟ್ಯಾಕೋಮೀಟರ್‌ನಿಂದ ಸಿಗ್ನಲ್ ಬಂದಿಲ್ಲ. ವೇಗ ತಿಳಿಯದೆ ರೋಟರ್ ತಿರುಗಿಸುವುದು ಅಪಾಯ, ಹಾಗಾಗಿ ಯಂತ್ರ ನಿಂತುಬಿಡುತ್ತದೆ. ಪರೀಕ್ಷಿಸಬೇಕಾದದ್ದು ಸೆನ್ಸರ್, ಅದರ ಕೇಬಲ್, ಕನೆಕ್ಟರ್. ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಹೊಂದಿತು ಎಂದ ಮಾತ್ರಕ್ಕೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವಂತಿಲ್ಲ. ಸಿಕ್ಕಿದ್ದು ‘ಸಿ’ ಪರಿಷ್ಕರಣೆ, ಯಂತ್ರ ಅದಕ್ಕಿಂತ ಹಳೆಯದೂ ಇರಬಹುದು, ಹೊಸದೂ ಇರಬಹುದು. ಎರಡು ತಾಳೆ ನೋಡಲಾಯಿತು. ಮ್ಯಾನ್ಯುಯಲ್‌ನಲ್ಲಿ 1ರಿಂದ 9ರವರೆಗಿನ ಅರ್ಥಗಳು ಡ್ರಾಯರಿನ ಕೈಪಿಡಿಯ ಒಂಬತ್ತಕ್ಕೂ ಸರಿಹೋದವು. ಮುನ್ನುಡಿಯ ಪುಟದಲ್ಲಿ ಕೊಟ್ಟ ಸೀರಿಯಲ್ ಸಂಖ್ಯೆಗಳ ವ್ಯಾಪ್ತಿಯೊಳಗೆ ಫಲಕದ ಸಂಖ್ಯೆ ಬಂತು.

ಹೊತ್ತು ಎಲ್ಲಿ ಹೋಯಿತು

ಒಟ್ಟು ಎರಡೂವರೆ ದಿನದಲ್ಲಿ ಪದ ಬದಲಿಸುವುದಕ್ಕೆ ಹೋದದ್ದು ಹೆಚ್ಚುಕಡಿಮೆ ಎರಡು ದಿನ. ಫಲಕ ಮತ್ತು ರಕ್ಷಾಪುಟ ಓದಿದ ಮೇಲಿನ ಕೆಲಸ ಅರ್ಧ ದಿನದ್ದು, ಅದರಲ್ಲೂ ಓಸಿಆರ್‌ನದೇ ದೊಡ್ಡ ಪಾಲು. ಮತ್ತೆ ಮಾಡುವುದಾದರೆ ಕ್ರಮ ತಿರುವುಮುರುವಾಗುತ್ತದೆ: ಮೊದಲು ವಸ್ತುವಿನ ಮೇಲೆ ಅಚ್ಚಾದ ಸಂಖ್ಯೆಗಳನ್ನೆಲ್ಲ ಬರೆದುಕೊಳ್ಳುವುದು, ಆಮೇಲೆ ವರ್ಬೇಟಿಮ್‌ನಲ್ಲಿ ನಾಲ್ಕೈದು ಹುಡುಕಾಟ, ಫಲಿತಾಂಶ ಬೆರಳೆಣಿಕೆಗೆ ಇಳಿದ ಕೂಡಲೇ ಪದಗಳ ಆಟ ನಿಲ್ಲಿಸಿ ಹಳೆಯ ತಾಣದ ಆರ್ಕೈವ್‌ಗೆ ಹೋಗುವುದು. ಪ್ರತಿ ಹುಡುಕಾಟದ ಪದ, ಸರ್ಚ್ ಎಂಜಿನ್, ಬಂದ ಫಲಿತಾಂಶವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡಿದ್ದರೆ ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದೂ ತಪ್ಪುತ್ತಿತ್ತು.

ಒಂದು ಕೊರತೆ ಉಳಿಯಿತು. ಮ್ಯಾನ್ಯುಯಲ್‌ನ ಕೊನೆಗೆ ಮಡಚಿಟ್ಟ ವೈರಿಂಗ್ ನಕ್ಷೆಯನ್ನು ಸ್ಕ್ಯಾನ್ ಮಾಡಿದವರು ಬಿಡಿಸದೆ ಹಾಗೇ ಇಟ್ಟಿದ್ದರು, ಹಾಗಾಗಿ ಎಡಗಡೆಯ ಅರ್ಧ ಮಾತ್ರ ಇದೆ. ಟ್ಯಾಕೋಮೀಟರ್ ಕನೆಕ್ಟರ್‌ನ ಪಿನ್ ಸಂಖ್ಯೆಗಳಿರುವುದು ಬಲಗಡೆ. ಅದು ವೆಬ್‌ನಲ್ಲೇ ಇಲ್ಲದ್ದು, ಹುಡುಕುವ ಮಾತಿಲ್ಲ. ವಿಭಾಗದ ಪುಟದಲ್ಲಿದ್ದ ವಿಳಾಸಕ್ಕೆ ಕಡತದ ಹೆಸರು, ಪುಟಸಂಖ್ಯೆ, ಬೇಕಾದ ಭಾಗ ಯಾವುದೆಂದು ಮೂರು ಸಾಲಿನ ಇಮೇಲ್ ಕಳಿಸಿದ್ದಕ್ಕೆ ಕಾಗದದ ಪ್ರತಿಯ ಫೋಟೋ ಬಂತು. ಪಟ್ಟಿಯಲ್ಲಿ ಆ ಕಡತದ ಹೆಸರಿನ ಪಕ್ಕ ಈಗ ಮಾಡೆಲ್ ಸಂಖ್ಯೆಯನ್ನೂ ‘ಸೆಂಟ್ರಿಫ್ಯೂಜ್’ ಎಂಬ ಪದವನ್ನೂ ಸೇರಿಸಿದ್ದಾರೆ. ಫೋಲ್ಡರ್‌ನ ಮೇಲಿನ ಡಿಸ್‌ಅಲೌ ಸಾಲು ಹಾಗೇ ಇದೆ.